ರಜೆಯ ಮೂರನೇ ದಿನ

ರಜೆ ಎಂದರೆ ಸುನಂದಳಿಗೆ ಜೀವ ಬಾಯಿಗೆ ಬರುತ್ತಿತ್ತು. ನಗಬೇಡಿ. ನರಸಾಪುರದ ಹತ್ತಿರ ಒಂದು ಮಾತ್ರೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಪುಡಿ ಬೆರೆಸುವ ಕೆಲಸ ಅವಳದು. ಎದೆನೋವು ಬಂದವರು ನಾಲಿಗೆಯಡಿ ಇಟ್ಟುಕೊಳ್ಳುತ್ತಾರಲ್ಲ, ಆ ಮಾತ್ರೆಯ ಪುಡಿ. ಭಾನುವಾರ ಮನೆಯಲ್ಲಿದ್ದರೆ ಅವಳ ಎದೆಯನ್ನೇ ಯಾರೋ ಹಿಂಡಿದ ಹಾಗಾಗುತ್ತಿತ್ತು. ಸೋಮವಾರ ಕಂಪನಿ ಬಸ್ ಹತ್ತಿ ಹೋಗಿ ಪುಡಿಯ ಮುಂದೆ ನಿಂತರೆ ತಲೆ ಸಿಡಿಯುತ್ತಿತ್ತು, ಎದೆ ಮಾತ್ರ ಹಗುರ. ಹೋದ ಸಂಕ್ರಾಂತಿಗೆ ಜೊತೆ ಕೆಲಸದವಳು ಚಿಕ್ಕಗಂಗಮ್ಮ ನಂಗಲಿಯ ತವರಿಗೆ ಹೋದವಳು, ರಜೆಯ ಮೂರನೇ ದಿನ ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟಳು. ಅಂದೇ ಸುನಂದ ತೀರ್ಮಾನಿಸಿದ್ದಳು: ಕಾರ್ಖಾನೆ ಕಾಯುತ್ತದೆ, ರಜೆ ಕೊಲ್ಲುತ್ತದೆ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಗಂಡ ಅಮರನಾಥನ ಪ್ರಾಣವೆಲ್ಲ ರೇಷ್ಮೆಹುಳುವಿನ ಮೇಲೆ. ಹುಳುವಿಗೆ ಪುಡಿಯ ಘಾಟು ತಾಗಬಾರದೆಂದು ಅವಳು ಕೊಟ್ಟಿಗೆಯಲ್ಲೇ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರಬೇಕು. ಅಲ್ಲಿ ಗೂಟಕ್ಕೆ ನೇತುಹಾಕಿದ ಕೆಲಸದ ಅಂಗಿಯೇ ಅವಳ ಗುಟ್ಟಿನ ಮದ್ದು. ಎದೆ ಹಿಂಡಿದಾಗಲೆಲ್ಲ ಅದರಲ್ಲಿ ಮುಖ ಹುದುಗಿಸಿ ಉಸಿರೆಳೆದುಕೊಳ್ಳುತ್ತಿದ್ದಳು.

ಈ ಯುಗಾದಿಗೆ ಒಟ್ಟಿಗೆ ಮೂರು ದಿನ ರಜೆ ಬಂತು. ಎರಡು ದಿನ ಅಂಗಿ ಕಾಪಾಡಿತು. ಮೂರನೇ ದಿನ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಾಗ ನೋವು ಎಡತೋಳಿಗೂ ಇಳಿಯಿತು. ಕೊಟ್ಟಿಗೆಗೆ ಓಡಿದಳು. ಗೂಟ ಖಾಲಿ.

"ನನ್ನಂಗಿ ಎಲ್ರೀ?"

"ಸೋಪಾಕಿ ಒಗ್ದಾಕ್ದೆ ಕಣೇ. ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು, ಆ ವಾಸ್ನೆ ಯಾಕೆ?"

ತಂತಿಯ ಮೇಲಿದ್ದ ಒದ್ದೆ ಅಂಗಿಯನ್ನು ಎಳೆದು ಮೂಗಿಗೆ ಒತ್ತಿಕೊಂಡಳು. ಸೋಪು, ಬರೀ ಸೋಪು. ಚಿಕ್ಕಗಂಗಮ್ಮ ಕಣ್ಣೆದುರು ಬಂದು ನಿಂತಳು. ಸುನಂದ ಅಲ್ಲೇ ಕುಸಿದಳು.

"ಏಮೈಂದೇ ನೀಕು? ಏನಾಯ್ತೇ?" ಅಮರನಾಥ ಕಿರುಚಿಕೊಂಡ.

"ಫ್ಯಾಕ್ಟರಿಗೆ ಕರ್ಕೊಂಡೋಗ್ರಿ. ಬೇಗ."

ಅವನು ಆಟೋದಲ್ಲಿ ಹಾಕಿಕೊಂಡು ಕೋಲಾರದ ಆಸ್ಪತ್ರೆಗೆ ತಂದ. ಡಾಕ್ಟರಮ್ಮ ನಾಲಿಗೆಯಡಿ ಒಂದು ಪುಟ್ಟ ಮಾತ್ರೆ ಇಟ್ಟರು. ಸ್ವಲ್ಪ ಹೊತ್ತಿಗೆ ಎದೆಯ ಹಿಡಿತ ಸಡಿಲಿತು. ಸುನಂದಳಿಗೆ ಅದರ ಗುರುತು ಹತ್ತಿತು.

"ಇದ್ರ ಪುಡಿ ಬೆರೆಸೋಳೇ ನಾನು, ಮೇಡಂ."

ಬರೆಯುತ್ತಿದ್ದ ಪೆನ್ನು ನಿಂತಿತು. ಒಂದೊಂದಾಗಿ ಕೇಳಿದರು, ಅಂಗಿಯ ಗುಟ್ಟೂ ಹೊರಬಿತ್ತು.

"ಆ ಪುಡಿ ರಕ್ತನಾಳ ಹಿಗ್ಗಿಸುತ್ತೆ ಕಣಮ್ಮ. ವಾರವೆಲ್ಲ ಉಸಿರಲ್ಲಿ ಹೋಗಿ ಹೋಗಿ ಮೈ ಅದಕ್ಕೇ ಒಗ್ಗಿಬಿಟ್ಟಿದೆ. ರಜೇಲಿ ಸಿಗದೇ ಹೋದ್ರೆ ನಾಳ ಬಿಗಿದುಕೊಳ್ಳುತ್ತೆ. ಇನ್ನು ಅಲ್ಲಿಗೆ ಹೋಗ್ಲೇಬೇಡಿ. ಮೈ ಅದನ್ನ ಮರೆಯೋ ತನಕ ನಮ್ಮ ಕಣ್ಮುಂದೆ ಇರಿ."

ಸುನಂದಳಿಗೆ ಅರ್ಥವಾದದ್ದು ಇಷ್ಟು: ಇನ್ನು ದಿನವೂ ರಜೆ.

ಅಮರನಾಥ ಮಂಚದ ಪಕ್ಕ ತಲೆ ತಗ್ಗಿಸಿ ಕೂತಿದ್ದ. "ಹುಳಕ್ಕಾಗಲ್ಲ ಅಂತ ಹನ್ನೊಂದು ವರ್ಷ ನಿನ್ನ ಕೊಟ್ಟಿಗೇಲಿ ನಿಲ್ಲಿಸ್ದೆ. ನಿನಗಾಗುತ್ತಾ ಅಂತ ಒಂದಿನ ಕೇಳ್ಲಿಲ್ಲ ನೋಡು."

"ಭಯ ಆಗ್ತೈತೆ. ಎಲ್ಲೂ ಹೋಗ್ಬೇಡ್ರಿ," ಎಂದು ಅವಳು ಅವನ ಮಣಿಕಟ್ಟು ಹಿಡಿದಳು.

ಹುಳುವಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು. ಅಮರನಾಥ ಏಳಲಿಲ್ಲ.