ಗುರುಬಾಯಿ ಹಂಚಿದ ಕಬ್ಬಿಣದ ಉಂಗುರ

ಮಾದನಹಿಪ್ಪರಗಾದ ಚಂದ್ರಾಮಪ್ಪನ ಮಗಳು ಗುರುಬಾಯಿಯ ಮದುವೆ ಮುರಿದದ್ದು ಒಂದು ಉಂಗುರದ ನೆಪದಿಂದ. ೧೯೭೬ರ ಬೇಸಿಗೆ. ಅಫಜಲಪುರದ ಬಟ್ಟೆ ವ್ಯಾಪಾರಿ ಹಣಮಂತರಾಯನ ಹಿರಿಯ ಮಗ ಜಗದೇವಪ್ಪ ಹಂದರದಲ್ಲಿ ಅವಳ ಪಕ್ಕ ಕೂತಿದ್ದ. ತಾಳಿಗೆ ಮೊದಲು ಅಳಿಯನ ಬೆರಳಿಗೆ ಮಾವ ಬಂಗಾರದ ಉಂಗುರ ತೊಡಿಸಬೇಕು. ತೀರಿಹೋದ ಹೆಂಡತಿಯ ಬೆಂಡೋಲೆ ಕರಗಿಸಿ ಚಂದ್ರಾಮಪ್ಪ ಅದನ್ನು ಮಾಡಿಸಿದ್ದ. ತೊಡಿಸಲು ಕೈ ಚಾಚಿದಾಗ ಹಣಮಂತರಾಯ ನಡುವೆ ಬಂದು ಉಂಗುರ ಕಸಿದುಕೊಂಡ, ಹಲ್ಲಿನಲ್ಲಿ ಕಚ್ಚಿ ನೋಡಿದ, ಆಮೇಲೆ ತಾನೇ ಕರೆತಂದಿದ್ದ ಪತ್ತಾರನ ಕೈಗೆ ಕೊಟ್ಟ. ಪತ್ತಾರ ಒರೆಗಲ್ಲಿಗೆ ತಿಕ್ಕಿ, ಯಾರ ಮುಖವನ್ನೂ ನೋಡದೆ, ಇಲ್ಲವೆಂದು ತಲೆಯಾಡಿಸಿದ.

“ತಾಮ್ರ ಕೂಡಿಸಿ ನಮ್ಮ ಕಣ್ಣಾಗ ಮಣ್ಣು ಹಾಕಾಕತ್ತೀಯೇನು? ಏಳೋ ಜಗದೇವಾ!”

ಜಗದೇವಪ್ಪ ಎದ್ದ. ಅವನ ಹೊಸ ಧೋತರದ ಅಂಚು ಗುರುಬಾಯಿಯ ಮೊಣಕಾಲನ್ನು ಸವರಿ ಹೋಯಿತು.

ಮರುದಿನ ಚಂದ್ರಾಮಪ್ಪ ಆಳಂದಕ್ಕೆ ಹೋಗಿ ಬೇರೆ ಪತ್ತಾರರಿಗೆ ಉಂಗುರ ತೋರಿಸಿದ. ಎಲ್ಲರೂ ಒಂದೇ ಮಾತು ಹೇಳಿದರು: ಬಂಗಾರ ಛಲೋ ಐತಿ. ಅದನ್ನೇ ಹಿಡಿದುಕೊಂಡು ಅಫಜಲಪುರಕ್ಕೆ ಹೋದರೆ ಹಣಮಂತರಾಯ ಅಂಗಡಿಯ ಕಟ್ಟೆ ಹತ್ತಗೊಡಲಿಲ್ಲ. ಸ್ವಲ್ಪ ದಿನದಲ್ಲೇ ಜಗದೇವಪ್ಪನಿಗೆ ಜೇವರ್ಗಿಯ ಕಡೆಯ ದೊಡ್ಡ ಜಮೀನುದಾರರ ಮಗಳೊಂದಿಗೆ ಮದುವೆಯಾಯಿತು. ಆ ಸಂಬಂಧ ಮೊದಲೇ ಕುದುರಿತ್ತೆಂದೂ, ಇದನ್ನು ಬಿಡಿಸಿಕೊಳ್ಳಲು ಒಂದು ಕಾರಣ ಬೇಕಾಗಿತ್ತೆಂದೂ ಆಗ ತಿಳಿಯಿತು. ಆದರೆ ಊರಿನ ಹುಡುಗರಿಗೆ ‘ತಾಮ್ರದ ಚಂದ್ರಾಮಪ್ಪ’ ಎಂಬ ಹೆಸರು ರುಚಿ ಹತ್ತಿಬಿಟ್ಟಿತ್ತು. ಅವನು ಯಾರ ಮದುವೆಗೂ ಹೋಗದಾದ, ಸಂತೆಗೂ ಹೋಗದಾದ, ಮುಂದಿನ ಮಳೆಗಾಲದಲ್ಲಿ ಸತ್ತ. ಗುರುಬಾಯಿ ಆ ಉಂಗುರವನ್ನು ಅಪ್ಪನ ಮುಷ್ಟಿಯಲ್ಲಿಟ್ಟು ಮಣ್ಣು ಮಾಡಿಸಿದಳು.

ಆಮೇಲೆ ಆಳಂದದಲ್ಲಿದ್ದ ಸೋದರಮಾವ ಅವಳನ್ನು ಕರೆದುಕೊಂಡು ಹೋದ. ವರ ಹುಡುಕಲು ಹೊರಟಾಗ ಅವಳು ಒಂದೇ ಷರತ್ತು ಹಾಕಿದಳು.

“ಮದುವಿ ಆಗ್ತೇನಿ ಮಾಮಾ. ಆದ್ರ ಗಂಡಿನ ಬೆರಳಿಗೆ ಕಬ್ಬಿಣದ ಉಂಗುರ. ಒಪ್ಪವ್ರು ಇದ್ರ ಕರ್ಕೊಂಡು ಬಾ.”

“ಶನಿ ಕಾಟಕ್ಕ ಹಾಕೋದು ಅದು. ಹುಚ್ಚು ಹಿಡದದ ಏನ್ ನಿನಗ?”

ಎಷ್ಟೋ ಮಂದಿ ಬಂದು ಚಹಾ ಕುಡಿದು ಹೋದರು. ಒಪ್ಪಿದವನು ಭೀಮಶಾ. ಬೇಳೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಅವನು ನಕ್ಕು, “ದಿನಾ ಕಬ್ಬಿಣದಾಗೇ ಕೈ ಇರ್ತಾವ್ರಿ, ಇನ್ನೊಂದು ಚೂರು ಕೂಡಿದ್ರ ಏನಾಯ್ತು?” ಅಂದ.

ಉಂಗುರ ಮಾಡಿದವನು ಹುಸೇನಸಾಬ. ಎತ್ತುಗಳ ಗೊರಸಿಗೆ ನಾಲು ಬಡಿಯುವವನು; ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಬೇವಿನ ಮರದಡಿ ಅವನ ಕುಲುಮೆ. ಸವೆದ ನಾಲಿನ ಕಬ್ಬಿಣ ಕಾಯಿಸಿ ಬಡಿದು ಬೆರಳಿನ ಅಳತೆಗೆ ಬಳೆಯಂತೆ ಬಾಗಿಸಿದ. ಭೀಮಶಾನ ಬೆರಳಲ್ಲಿ ಅದು ಕೂತಾಗ ಮದುವೆಗೆ ಬಂದವರು ಬಾಯಿ ಮುಚ್ಚಿ ನಕ್ಕರು. ಗುರುಬಾಯಿ ನಕ್ಕವರ ಮುಖಗಳನ್ನು ನೋಡಿಕೊಂಡಳು.

ಅವಳ ಲೆಕ್ಕಾಚಾರವೇ ಬೇರೆ ಇತ್ತು. ಹಣಮಂತರಾಯನಿಗೆ ಇನ್ನೊಬ್ಬ ಮಗನಿದ್ದ, ದೌಲತರಾಯ, ಆಗ ಇನ್ನೂ ಶಾಲೆಗೆ ಹೋಗುವವನು. ಅವನು ಮದುವೆಗೆ ಬರುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಅಳಿಯನಿಗೆ ಕಬ್ಬಿಣ ಕೊಡುವುದು ಒಂದು ರೂಢಿಯಾಗಿರಬೇಕು. ಆ ರೂಢಿ ಹಣಮಂತರಾಯನ ಮಗನ ಹಂದರದೊಳಗೇ ಹೊಗಬೇಕು. ಅವಳು ಹೊಲಿಗೆ ಯಂತ್ರ ಹಾಕಿಕೊಂಡು ಕುಪ್ಪಸ ಹೊಲಿಯಲು ಕೂತದ್ದೂ ಅದಕ್ಕೇ. ಮದುವೆ ಇದ್ದ ಮನೆಯ ಹೆಂಗಸರು ಅವಳ ಬಾಗಿಲಿಗೆ ಬರಲೇಬೇಕು. ಅಳತೆ ತೆಗೆದುಕೊಳ್ಳುತ್ತ ಅವಳು ತನ್ನ ಕಥೆ ಹೇಳುತ್ತಿದ್ದಳು; ಹೆಸರು, ಊರು, ಅಂಗಡಿ ಎಲ್ಲವನ್ನೂ ಬಿಡದೆ. ಕೇಳಿದ ಕೆಲವರು ತಮ್ಮ ಅಳಿಯನಿಗೂ ಅವಳಿಂದಲೇ ಕಬ್ಬಿಣದ ಉಂಗುರ ಒಯ್ದರು.

ಮೊದಲು ಮೊದಲು ಉಂಗುರಗಳೇ ಅವಳಿಗೆ ಮೋಸ ಮಾಡಿದವು. ಬೆವರಿಗೆ ತುಕ್ಕು ಹಿಡಿದು ಬೆರಳು ಕಪ್ಪಾಗುತ್ತಿತ್ತು. ಗಂಡಿನ ಕಡೆಯವರು ಅವನ್ನು ತಂದು ಅವಳ ಮುಂದೆ ಬಿಸಾಡಿದರು.

“ಹಿತ್ತಾಳಿ ಮಾಡಿದ್ರ ಹ್ಯಾಂಗ ಚಾಚಾ?” ಎಂದು ಅವಳು ಹುಸೇನಸಾಬನನ್ನು ಕೇಳಿದಳು.

“ಹಸರಾಗ್ತದ ಬೇಟಿ. ಬೆಳ್ಳಿ ಛಲೋ, ಆದ್ರ ಕೆಲಸ ಮಾಡೋ ಕೈಯಾಗ ಸೊಟ್ಟಾಗ್ತದ.”

“ಬೆಳ್ಳಿ ಬ್ಯಾಡ. ಅದು ಬಂಗಾರದ ತಂಗಿ. ತಾಮ್ರದ ಹೆಸರಂತೂ ತಗೀಬ್ಯಾಡ.”

ಕೆಂಪಗೆ ಕಾದ ಉಂಗುರವನ್ನು ಅಗಸೆ ಎಣ್ಣೆಯಲ್ಲಿ ಅದ್ದಿದರೆ ಕಪ್ಪು ಮೆರುಗು ಬಂದು ತುಕ್ಕು ತಡವಾಗುತ್ತದೆಂದು ಹುಸೇನಸಾಬ ಕಂಡುಕೊಂಡ. ಭೀಮಶಾ ಮಿಲ್ಲಿನಿಂದ ಕೆಟ್ಟ ಬೇರಿಂಗುಗಳನ್ನು ತಂದ. ಅವುಗಳ ಒಳಗಿನ ಬಳೆ ಬೆರಳಿಗೆ ಸರಿಹೋಗುತ್ತಿತ್ತು, ತಿಕ್ಕಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹುಡುಗರಿಗೆ ಅದು ಇಷ್ಟವಾಯಿತು. ಲಾರಿ ಓಡಿಸುವವರು, ಪಂಪು ರಿಪೇರಿಯವರು ಬೇರಿಂಗಿನದೇ ಬೇಕೆಂದು ಕೇಳತೊಡಗಿದರು. ಬಡವರ ಮನೆಯ ಅಪ್ಪಂದಿರು ಗುರುಬಾಯಿಗೆ ಕೈ ಮುಗಿದರು, ಒಳ್ಳೆಯ ದಾರಿ ತೋರಿಸಿದೆ ತಾಯಿ ಎಂದರು. ಆ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. “ನಾ ಯಾರಿಗೂ ಒಳ್ಳೇದು ಮಾಡಾಕ ಕುಂತಿಲ್ಲ,” ಎಂದು ಗಂಡನ ಮುಂದೆ ಹೇಳುತ್ತಿದ್ದಳು. ಭೀಮಶಾ ಒಮ್ಮೆ ಮಾತ್ರ, “ಆ ಹಣಮಂತರಾಯನ್ನ ಮರತುಬಿಡಬಾರದಾ?” ಎಂದು ಕೇಳಿದ. ಬಹಳ ದಿನ ಅವಳು ಅವನೊಡನೆ ಮಾತು ಬಿಟ್ಟಳು.

೧೯೮೯ರಲ್ಲಿ ಜೇವರ್ಗಿಯಿಂದ ಶಾರದಾಬಾಯಿ ಎಂಬ ಹುಡುಗಿ ತಾಯಿಯ ಜೊತೆ ಕುಪ್ಪಸ ಹೊಲಿಸಲು ಬಂದಳು. ವರ ಯಾರೆಂದು ಕೇಳಿದಾಗ ತಾಯಿ, “ಅಫಜಲಪುರದ ಹಣಮಂತರಾಯರ ಮಗ ದೌಲತರಾಯ್ರಿ” ಎಂದಳು. ಗುರುಬಾಯಿ ಅಳತೆಪಟ್ಟಿ ಸುತ್ತಿಟ್ಟಳು. ಆಮೇಲೆ ಅವಳು ಬಾಗಿಲು ಮುಂದೆ ಮಾಡಿ, ಇಬ್ಬರನ್ನೂ ಕೂರಿಸಿ, ಎಲ್ಲವನ್ನೂ ಹೇಳಿದಳು. ತಾಯಿ ಹೆದರಿದಳು. ಹುಡುಗಿ ಮಾತ್ರ, “ನಮ್ಮಪ್ಪನ ಉಂಗುರಾನೂ ಹಲ್ಲಾಗ ಕಚ್ಚಿ ನೋಡ್ತಾನೇನು ಅಂವ? ನನಗೂ ಕಬ್ಬಿಣದ್ದೇ ಕೊಡ್ರಿ” ಎಂದಳು. ಮದುವೆ ಮುರಿಯಬಹುದೆಂದು ಗುರುಬಾಯಿ ಎಚ್ಚರಿಸಲಿಲ್ಲ. ಮುರಿಯಲೆಂದೇ ಅವಳ ಆಸೆ. ಹುಡುಗಿಯ ಗತಿ ಏನೆಂದು ಅವಳಿಗೆ ಹೊಳೆಯದೇ ಇರಲಿಲ್ಲ. ಹೊಳೆದದ್ದನ್ನು ಬದಿಗೆ ಸರಿಸಿದಳು.

ಜೇವರ್ಗಿಯ ಹಂದರದಲ್ಲಿ ಅವಳು ಎದುರಿನ ಸಾಲಿನಲ್ಲೇ ಕೂತಳು. ಮಗಳ ಹಟಕ್ಕೆ ಮಣಿದ ಶಾರದಾಬಾಯಿಯ ಅಪ್ಪನ ಕೈಯಿಂದ ವೀಳ್ಯದೆಲೆಯ ಮೇಲೆ ಕಪ್ಪು ಉಂಗುರ ಬಂತು. ಹಣಮಂತರಾಯನ ತಲೆ ಹಣ್ಣಾಗಿತ್ತು, ದನಿ ಹಾಗೇ ಇತ್ತು.

“ಇದೇನು ಎತ್ತಿನ ನಾಲು? ಏಳೋ ದೌಲತಾ!”

ಗುರುಬಾಯಿ ಎದ್ದು ನಿಂತಳು. “ಕಚ್ಚಿ ನೋಡ್ರಿ ರಾಯರ. ಒರೆಗಲ್ಲಿಗೆ ಹಚ್ರಿ. ಇದರಾಗ ತಾಮ್ರ ಇಲ್ಲ.”

ದೌಲತರಾಯ ಅಪ್ಪನನ್ನು ನೋಡಿದ, ಶಾರದಾಬಾಯಿಯನ್ನು ನೋಡಿದ. ಅವಳು ತಲೆ ತಗ್ಗಿಸಿರಲಿಲ್ಲ. ಅವನು ಕೂತಲ್ಲೇ ಬೆರಳು ಮುಂದೆ ಚಾಚಿದ. ಅಕ್ಷತೆ ಬಿತ್ತು.

ಹಣಮಂತರಾಯ ಊಟವನ್ನೂ ಮಾಡದೆ ಹೊರಗೆ ನಡೆದ. ಗುರುಬಾಯಿ ಬೆನ್ನು ಹತ್ತಿದಳು. ಇಷ್ಟು ವರ್ಷ ಮನಸ್ಸಿನಲ್ಲೇ ಆಡಿಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬಂದಿದ್ದವು. ಜೀಪಿನ ಬಳಿ ಅವನು ತಿರುಗಿ ನಿಂತು ಕೇಳಿದ:

“ಯಾರಬೇ ನೀ?”

“ಚಂದ್ರಾಮಪ್ಪನ ಮಗಳು. ಮಾದನಹಿಪ್ಪರಗಾ.”

“ಯಾವ ಚಂದ್ರಾಮಪ್ಪ?”

ಅವನು ನಟಿಸುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದ. ಅವಳು ಊರು, ವರ್ಷ, ಒರೆಗಲ್ಲು, ಪತ್ತಾರ ಎಲ್ಲವನ್ನೂ ಕೂಗಿ ಹೇಳಿದಳು. ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಹತ್ತಿರ ಬಂದು ನಿಂತರು.

“ಓಹೋ, ಆ ಸಂಬಂಧನಾ,” ಎಂದ ಅವನು, ಜೀಪು ಹತ್ತುತ್ತ. “ಬಂಗಾರ ಛಲೋನೇ ಇತ್ತಲ್ಲಬೇ. ನಮಗ ಬಿಡಿಸ್ಕೋಬೇಕಾಗಿತ್ತು, ಅದಕ್ಕ ಹಂಗಂದಿದ್ವಿ. ಈಗ್ಯಾಕ ಆ ಮಾತು?”

ಕೇಳಿದವರಲ್ಲಿ ಮಾದನಹಿಪ್ಪರಗಾದವರೂ ಇದ್ದರು. ಸಂಜೆಯೊಳಗೆ ಮಾತು ಊರು ಮುಟ್ಟಿತು. ತಾಮ್ರ ಎಂದು ಕೂಗುತ್ತಿದ್ದವರು ಈಗ ಹೆಂಡತಿ ಮಕ್ಕಳಿರುವ ಗಂಡಸರು. ಕೆಲವರು ಆಳಂದಕ್ಕೆ ಬಂದಾಗ ಅವಳ ಬಾಗಿಲಲ್ಲಿ ನಿಂತು, ತಪ್ಪಾಯಿತವ್ವ ಎಂದರು. ಅವಳು ಕೂತುಕೊಳ್ಳಿ ಎಂದು ಹೇಳಲಿಲ್ಲ, ನೀರೂ ಕೊಡಲಿಲ್ಲ.

“ಈಗಾದ್ರೂ ಸಮಾಧಾನ ಆಯ್ತಾ?” ಎಂದು ಭೀಮಶಾ ಕೇಳಿದ.

“ಅಂವ ಅತ್ತಿದ್ರ ಆಗ್ತಿತ್ತು,” ಎಂದಳು.

ಶಾರದಾಬಾಯಿಯ ಸಂಸಾರ ಚೆನ್ನಾಗಿಯೇ ನಡೆಯಿತು. ಹಣಮಂತರಾಯ ಸತ್ತಾಗ ಅವಳೇ ಆಳಂದಕ್ಕೆ ಸುದ್ದಿ ಕಳಿಸಿದಳು, ಅಕ್ಕಾ, ಮಣ್ಣಿಗೆ ಬರ್ರಿ ಎಂದು. ಗುರುಬಾಯಿ ಕುಪ್ಪಸದ ತೋಳು ಕೂಡಿಸುತ್ತಿದ್ದಳು. ಸುದ್ದಿ ತಂದವನಿಗೆ ಚಹಾ ಮಾಡಿ ಕೊಟ್ಟು, “ಶಾರದಾಗ, ಬರಾಕ ಆಗಲಿಲ್ಲ ಅಂತ ಸುಳ್ಳು ಹೇಳಬ್ಯಾಡ, ಬರಾಕ ಮನಸ್ಸಿಲ್ಲ ಅಂದ್ಲು ಅಂತ ಖರೇನೇ ಹೇಳು” ಎಂದು, ಮತ್ತೆ ಯಂತ್ರದ ಮುಂದೆ ಕೂತಳು.