ಬಾವಿ ಹುಲ್ಲುಗಾವಲಿನ ಪಂಕ್ತಿ

ಡ್ಯಾನ್ಯೂಬ್ ದಂಡೆಯ ಆ ಕೇರಿಯಲ್ಲಿ ಎಲ್ಲರೂ ಮರದ ಸೌಟು ಕೆತ್ತುವವರು. ರುಸ್ಕಾಳ ಕೈಯ ಸೌಟೆಂದರೆ ಸಂತೆಯಲ್ಲಿ ಹುಡುಕಿ ಕೊಳ್ಳುತ್ತಿದ್ದರು. ಇಪ್ಪತ್ತೊಂದು ತುಂಬಿದರೂ ಅವಳು ಮದುವೆಗೆ ಒಪ್ಪಿರಲಿಲ್ಲ. ತಂಗಿ ಮಿಂಕಾಳಿಗೆ ಗುಂಡಿ ಹಾಕಲು, ಜಡೆ ಹೆಣೆಯಲು ತಾನು ಬೇಕು ಎನ್ನುತ್ತಿದ್ದಳು. ನಿಜವಾದ ಕಾರಣ ಬೇರೆ ಇತ್ತು.

ಹನ್ನೆರಡು ವರ್ಷದ ಹಿಂದೆ, ನಡುಮಧ್ಯಾಹ್ನ, ಮರ ಕಡಿಯುತ್ತಿದ್ದ ಅಪ್ಪನಿಗೆ ಅಕ್ಕತಂಗಿಯರು ಬುತ್ತಿ ಒಯ್ಯುತ್ತಿದ್ದರು. ಸುತ್ತುದಾರಿ ಬೇಸರವೆಂದು ರುಸ್ಕಾ ಬಾವಿ ಪಕ್ಕದ ಹುಲ್ಲುಗಾವಲಿಗೇ ಇಳಿದಳು. ಆ ಹೊತ್ತಿನಲ್ಲಿ ಅಲ್ಲಿ 'ತಾಯಂದಿರು', ಕೇರಿಯವರೆಲ್ಲ ಹೆದರುವ ದೇವತೆಯರು, ಊಟಕ್ಕೆ ಕೂರುತ್ತಾರೆ. ಅವರ ಪಂಕ್ತಿ ಕಾಣುವುದಿಲ್ಲ. ತುಳಿದವರಿಗೆ ಕಾಲು ಉಳಿಯುವುದಿಲ್ಲ. ಅಂದು ಗಾಳಿಯಿರಲಿಲ್ಲ. ಆದರೂ ನಡುವೆ ಒಂದು ಕಡೆ ಹುಲ್ಲು ದುಂಡಗೆ ಮಲಗಿತ್ತು. ಆರು ವರ್ಷದ ಮಿಂಕಾ ನಗುತ್ತ ಅದರ ಮೇಲೆ ಓಡಿದಳು.

ಮುಂದಿನ ವಸಂತಕ್ಕೆ ಅವಳು ಎಡವತೊಡಗಿದಳು.

"ಯಾವ ದಾರೀಲಿ ಹೋಗಿದ್ರೇ?" ಅಜ್ಜಿ ದೋಯ್ನಾ ಕೇಳಿದಳು.

"ಸುತ್ತುದಾರೀಲೇ ಅಜ್ಜಿ."

"ತುಳಿದ ಜಾಗ ಗೊತ್ತಾದ್ರೆ ಅಲ್ಲೇ ಎಡೆ ಇಟ್ಟು ಕಾಲು ವಾಪಸ್ ಕೇಳಬಹುದಿತ್ತು," ಎಂದು ಅಜ್ಜಿ ನಿಟ್ಟುಸಿರಿಟ್ಟಳು.

ರುಸ್ಕಾ ಬಾಯಿ ಬಿಡಲಿಲ್ಲ. ವರ್ಷವರ್ಷವೂ ಸಂತ ಜಾರ್ಜನ ಹಬ್ಬಕ್ಕೆ ಮಿಂಕಾಳ ಹೆಸರಲ್ಲಿ ಕುರಿಮರಿ ಬೆಂದಿತು. ಮಿಂಕಾಳ ಮೊಣಕಾಲ ಕೆಳಗೆ ಬರೀ ಎಲುಬು ಉಳಿಯಿತು, ಬೆರಳು ಸೊಟ್ಟಗಾದವು, ಈಚೆಗೆ ಕಿವಿಯೂ ಮಂದವಾಯಿತು. ನಡೆದರೆ ಜೋತ ಪಾದ ನೆಲಕ್ಕೆ ಬಡಿದು ಎಳೆಯುತ್ತಿತ್ತು: ಟಪ್, ಸರ್ರ್. ಆ ಸದ್ದು ಅವಳಿಗೇ ಕೇಳಿಸುತ್ತಿರಲಿಲ್ಲ. ರುಸ್ಕಾಳಿಗೆ ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಈ ವರ್ಷ ಹಬ್ಬದ ಮುನ್ನಾದಿನ, ಮಧ್ಯಾಹ್ನ, ರುಸ್ಕಾ ಅಂಗಳದಲ್ಲಿ ಹಂಡೆ ಉಜ್ಜುತ್ತಿದ್ದಾಗ ಬೆನ್ನ ಹಿಂದೆ ಅದೇ ಸದ್ದು. ಟಪ್, ಸರ್ರ್.

"ಕೂತ್ಕೊಳೇ ಮಾರಾಯ್ತಿ, ಬಿದ್ದೀಯ!"

ತಿರುಗಿದಳು. ಮಿಂಕಾ ಗೋಡೆಗೊರಗಿ ಬಿಸಿಲಲ್ಲಿ ನಿದ್ದೆ ಹೋಗಿದ್ದಳು.

ಟಪ್, ಸರ್ರ್. ಬಾಗಿಲಲ್ಲಿ ತಮ್ಮ ಇಲ್ಕೋ, ಒಂದು ಪಾದ ಎಳೆಯುತ್ತ. ಮಿಂಕಾ ಕಾಯಿಲೆ ಬಿದ್ದ ಮೇಲೆ ಹುಟ್ಟಿದವನು. ಇವನೂ ಎಲ್ಲಿ ತುಳಿದಾನೋ ಎಂದು ಅಜ್ಜಿ ಹುಟ್ಟಿದಾಗಿನಿಂದ ಈ ಆರು ವರ್ಷವೂ ಅವನನ್ನು ಬೇಲಿ ದಾಟಲು ಬಿಟ್ಟಿರಲಿಲ್ಲ.

"ಅಕ್ಕಾ, ಹಸಿವು."

ರುಸ್ಕಾ ಒಳಗೆ ಓಡಿ ಅಜ್ಜಿಯ ಕಾಲು ಹಿಡಿದು, ಬಾವಿ ದಾರಿಯ ಸುದ್ದಿಯನ್ನೆಲ್ಲ ಹೇಳಿದಳು.

"ನಂಗೆ ಅವತ್ತೇ ಗೊತ್ತಿತ್ತು ಕಣೇ," ಎಂದಳು ಅಜ್ಜಿ. "ನಿನ್ನ ಲಂಗದ ತುಂಬ ಹುಲ್ಲಿನ ಬೀಜ. ನಾನು ಬಾಯಿ ಬಿಟ್ಟಿದ್ರೆ ಕೇರಿ ನಿನ್ನ ಸುಮ್ನೆ ಬಿಡ್ತಿತ್ತಾ? ವರ್ಷವರ್ಷ ನಾನೇ ಕದ್ದು ಹೋಗಿ ಅಲ್ಲಿ ಎಡೆ ಇಟ್ಟು ಬಂದೆ."

"ಈಗ ಇಲ್ಕೋನ ಕಾಲೂ ಎಳೀತಿದೆ. ಬೇಲಿನೇ ದಾಟದವನು ಎಲ್ಲಿ ತುಳಿದ ಅಜ್ಜಿ?"

ಅಜ್ಜಿ ಬಾಗಿಲಲ್ಲಿದ್ದ ಇಲ್ಕೋನ ಪಾದ ನೋಡಿದಳು. "ಹಿಂದೆ ಮಿಂಕಾನ್ನ ನೋಡೋಕೆ ಪಟ್ಟಣದಿಂದ ಒಬ್ಬ ಡಾಕ್ಟರಮ್ಮ ಬಂದು ಹೇಳಿದ್ಲು, ಮರದ ಹಾಗೆ ನರಕ್ಕೂ ತೊಗಟೆ ಇರುತ್ತೆ, ಇಂಥ ಮಕ್ಕಳದ್ದು ಸುಲಿದು ಹೋಗುತ್ತೆ, ಅಪ್ಪ ಅಮ್ಮ ಇಬ್ಬರ ರಕ್ತದಿಂದ್ಲೂ ಬಂದಿದ್ದು ಅಂತ. ನಾನೇ ಪೊರಕೆ ತೋರಿಸಿ ಅವಳನ್ನ ಓಡಿಸಿದ್ದೆ."

ಮರುದಿನ ಎಡೆಯನ್ನು ರುಸ್ಕಾಳೇ ಒಯ್ದಳು. ಗಾಳಿಯಿಲ್ಲ. ಹುಲ್ಲು ದುಂಡಗೆ ಮಲಗಿತ್ತು. ತಟ್ಟೆ ಇಟ್ಟು, ಶಿಲುಬೆ ಗುರುತು ಹಾಕಿ, "ನೀವಲ್ಲ ಅಂತ ಗೊತ್ತಾಯ್ತು ತಾಯಂದಿರಾ," ಎಂದಳು. "ಆದ್ರೂ ಇಬ್ಬರ ಕಾಲೂ ನಿಮ್ಮನ್ನೇ ಕೇಳ್ತಿದೀನಿ. ಇನ್ಯಾರನ್ನ ಕೇಳ್ಲಿ?"

ಮಲಗಿದ್ದ ಹುಲ್ಲು, ಊಟ ಮುಗಿಸಿದವರು ಒಬ್ಬೊಬ್ಬರಾಗಿ ಎದ್ದುಹೋಗುವಂತೆ, ನಿಧಾನವಾಗಿ ನೆಟ್ಟಗಾಯಿತು. ತಟ್ಟೆಯಲ್ಲಿದ್ದುದು ಹಾಗೇ ಇತ್ತು.