ಹೂಜಿಯ ಹಿತ್ತಾಳೆ ಹೊಲಿಗೆ

ಪಿಂಗಾಣಿ ಸಾಮಾನು ಯಾವುದೇ ಬರಲಿ, ಚಾಚಾ ಅದನ್ನು ಬೋರಲು ಹಿಡಿದು ತಳದ ಒರಟು ಅಂಚಿಗೆ ನಾಲಿಗೆಯ ತುದಿ ತಾಗಿಸಿ ನೋಡುತ್ತಿದ್ದರು. ಮೊದಲ ಸಲ ಕಂಡಾಗ ನನಗೆ ಛೀ ಅನ್ನಿಸಿತ್ತು. ಅದರಲ್ಲಿ ಎಷ್ಟು ವರ್ಷದ ಧೂಳಿತ್ತೋ ಏನೋ. "ನಾಲಿಗೆಗೆ ಅಂಟ್ಕೊಂಡ್ರೆ ಕಮ್ಮಿ ಬೆಂಕೀಲಿ ಸುಟ್ಟಿದ್ದು, ಟೀಚರಮ್ಮ. ಜಾರಿದ್ರೆ ಗಟ್ಟಿ ಮಾಲು," ಎಂದು ಹೇಳಿ, ಪಕ್ಕದ ಲೋಟದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಚರಂಡಿಗೆ ಉಗಿದರು.

ಶಿವಾಜಿನಗರದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದವರು. ನಾನು ಚಾಚಾ ಎನ್ನುತ್ತಿದ್ದೆ. ಬಿಳಿ ಗಡ್ಡ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಂಟೋನ್ಮೆಂಟಿನ ಬಂಗಲೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ಅಲ್ಲಿಂದ ಹೊರಬಿದ್ದ ತಟ್ಟೆ, ದೀಪ, ಗಡಿಯಾರಗಳೆಲ್ಲ ಅವರ ಅಂಗಡಿಗೆ ಬರುತ್ತಿದ್ದವು. ಜೊತೆಗೆ ಮನೆಯ ಸಾಮಾನು ಹಿಡಿದುಕೊಂಡು ಜನವೂ ಬರುತ್ತಿದ್ದರು, ಎಲ್ಲರದೂ ಮುನ್ನೂರು ವರ್ಷ ಹಳೆಯದು! ಅಲ್ಲ, ಅಲ್ಲ ಎಂದು ಹೇಳಿ ಹೇಳಿ ಆ ಮನುಷ್ಯ ಸೋತುಹೋಗಿದ್ದರು. "ಸಾಮಾನು ಎಷ್ಟು ಹೇಳುತ್ತೋ ಅಷ್ಟೇ ನಾನು ಹೇಳೋದು. ಅದ್ರ ಮೇಲೆ ಒಂದು ಮಾತು ಜಾಸ್ತಿ ಕೇಳ್ಬೇಡಿ," ಎಂದು ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದರು.

ನಾನು ಹೋದದ್ದು ನಮ್ಮಜ್ಜಿಯ ಹೂಜಿ ಹಿಡಿದುಕೊಂಡು. ಅಮ್ಮನ ಅಮ್ಮ ಫ್ರೇಜರ್ ಟೌನಿನ ದೊರೆಯೊಬ್ಬರ ಬಂಗಲೆಯಲ್ಲಿ ಆಯಾ ಆಗಿದ್ದವಳು. ಇದ್ದಕ್ಕಿದ್ದ ಹಾಗೆ ಒಂದು ದಿನ ಅವಳನ್ನು ಕೆಲಸದಿಂದ ಬಿಡಿಸಿದರು. ಮನೆಗೆ ಬಂದಾಗ ಕೈಯಲ್ಲಿ ಈ ಬಿಳಿ ಹೂಜಿ ಇತ್ತು. ಅಷ್ಟೇ ಸಾಕಾಯಿತು ನಮ್ಮ ಸೋದರತ್ತೆಗೆ. ಮದುವೆ, ಮುಂಜಿ, ತಿಥಿ, ಎಲ್ಲಿ ಸೇರಿದರೂ "ಇವರಮ್ಮ ದೊರೆ ಮನೇಲಿ ಕೈ ಚಳಕ ತೋರ್ಸಿದೋಳಲ್ವಾ" ಎಂದು ಒಂದು ಕುಟುಕು. ಅಮ್ಮ ನಲವತ್ತು ವರ್ಷ ತುಟಿಪಿಟಕ್ಕೆನ್ನಲಿಲ್ಲ. ಹೂಜಿಯನ್ನು ಬಳಸಲೂ ಇಲ್ಲ, ಎಸೆಯಲೂ ಇಲ್ಲ, ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಕೈ ಹಿಡಿದುಕೊಂಡು, "ಅದೇನು ಎತ್ತ ಅಂತ ತಿಳಿದೋರನ್ನ ಕೇಳ್ಕೊಂಡು ಬಾರೇ. ನಮ್ಮಮ್ಮ ಕದ್ದಳಾ ಇಲ್ವಾ ಅಂತ ಗೊತ್ತಾಗ್ದೆ ಹೋಗಕ್ಕೆ ನಂಗಿಷ್ಟ ಇಲ್ಲ," ಎಂದಳು.

ಹಲಸೂರಿನ ಸ್ಕೂಲು ಮುಗಿಸಿ, ಎರಡು ಬಸ್ಸು ಬದಲಾಯಿಸಿ, ಆ ಭಾರ ಹೊತ್ತು ಅಲೆದೆ. ಒಂದು ದಿನ ಅಂಗಡಿ ಮುಚ್ಚಿತ್ತು. ಇನ್ನೊಂದು ದಿನ "ಬೆಳಕು ಸಾಲದು, ನಾಳೆ ಬನ್ನಿ" ಎಂದರು. ಸಾಕಪ್ಪಾ ಸಾಕು ಅನ್ನಿಸಿತ್ತು. ಮೂರನೇ ಸಲ ನೋಡಿದರು. ನಾಲಿಗೆ ತಾಗಿಸಿದರು, ಉಗುರಿನಿಂದ ಕುಟ್ಟಿದರು, ಒಳಗೆ ಕೈ ಹಾಕಿ ಸವರಿದರು.

"ನೂರು ವರ್ಷ ಆಗಿಲ್ಲ. ತಳದಲ್ಲಿ ಮೇಡ್ ಇನ್ ಇಂಗ್ಲೆಂಡ್ ಅಂತ ಪೂರ್ತಿ ಇದೆ ನೋಡಿ, ತೀರಾ ಹಳೇದಕ್ಕೆ ಹಂಗೆ ಹಾಕ್ತಿರ್ಲಿಲ್ಲ. ಇದು ಹಾಲಿಗಲ್ಲ, ಕುಡಿಯೋ ನೀರಿಗೂ ಅಲ್ಲ. ಮಲಗೋ ರೂಮಲ್ಲಿ ಮುಖ ತೊಳೆಯೋಕೆ ಇಡ್ತಿದ್ರು. ಕೆಳಗೆ ದೊಡ್ಡ ಬೋಗುಣಿ ಇರ್ಬೇಕು. ಅದು ಬಂಗ್ಲೇಲೇ ಉಳ್ಕೊಂಡಿರುತ್ತೆ."

ಆಮೇಲೆ ಹಿಡಿಯ ಕೆಳಗೆ ಬೆರಳಿಟ್ಟರು. ಅಲ್ಲಿ ಉದ್ದಕ್ಕೂ ಒಂದು ಬಿರುಕು. ಅದರ ಮೇಲೆ ಅಡ್ಡಡ್ಡವಾಗಿ ನಾಲ್ಕು ಹಿತ್ತಾಳೆ ತಂತಿಯ ತುಂಡುಗಳನ್ನು ತೂತು ಕೊರೆದು ಬಿಗಿದಿದ್ದರು. ನಾನು ಅದನ್ನು ಯಾವುದೋ ಅಲಂಕಾರ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

"ಟಾಂಕಾ," ಎಂದರು. "ಒಡೆದ ಪಿಂಗಾಣಿಗೆ ಹೊಲಿಗೆ. ಗೋಂದು ಬರೋಕ್ಕಿಂತ ಮೊದ್ಲು ಗಲ್ಲಿ ಗಲ್ಲೀಲಿ ಕೂತು ಹಾಕೋರು. ಬಂಗ್ಲೆಯೋರು ಇಂಥದ್ದನ್ನ ರೂಮಲ್ಲಿ ಇಟ್ಕೊಳ್ತಿರ್ಲಿಲ್ಲ, ಒಡೆದಿದ್ದನ್ನ ನೌಕರ್ರಿಗೆ ಕೊಟ್ಬಿಡ್ತಿದ್ರು. ಟಾಂಕಾ ಹಾಕ್ಸಿ ಇಟ್ಕೊಳ್ಳೋರು ನಮ್ಮಂಥೋರು."

"ಹಾಗಾದ್ರೆ ಒಡೆದಿದ್ದನ್ನೇ ಕೊಟ್ಟಿದ್ದಾರೆ, ಅಲ್ವಾ ಚಾಚಾ? ಅಜ್ಜಿ ಕದ್ದಿಲ್ಲ?"

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೊಟ್ಟಿರ್ಬಹುದು. ಚೆನ್ನಾಗಿರೋದನ್ನ ತಂದು ಮನೇಲಿ ಒಡ್ಕೊಂಡಿರ್ಲೂಬಹುದು. ಎಲ್ಲಿ ಒಡೀತು ಅಂತ ಸಾಮಾನು ಹೇಳಲ್ಲ, ಟೀಚರಮ್ಮ."

ಅಷ್ಟು ದಿನದ ದಣಿವೆಲ್ಲ ಒಟ್ಟಿಗೆ ಬಂದು ನಾನು ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದೆ. ಅಮ್ಮ ಹಾಸಿಗೆಯಿಂದ ಏಳುವ ಹಾಗಿಲ್ಲ, ಡಾಕ್ಟರು ಕೈ ಚೆಲ್ಲಿದ್ದಾರೆ, ನಾನು ಹೋಗಿ 'ಇರಬಹುದು' ಅಂತ ಹೇಳಲೇ? ಅತ್ತೆಯ ಕುಟುಕಿನಿಂದ ಹಿಡಿದು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ರಸ್ತೆಯವರಿಗೆಲ್ಲ ಕಾಣುವ ಹಾಗೆ, ಸ್ಕೂಲ್ ಟೀಚರು. ಅವರು ಅಂಗಡಿಯ ಶಟರ್ ಎಳೆದು ಬೀಗ ಹಾಕಿದರು. "ನಡೀರಿ. ಮನೆ ಎಲ್ಲಿ?"

ಲಿಂಗರಾಜಪುರಕ್ಕೆ ಆಟೋದಲ್ಲಿ ಬಂದೆವು. ಮಂಡಿನೋವಿನ ಮನುಷ್ಯ, ಎರಡು ಮಹಡಿ ಮೆಟ್ಟಿಲನ್ನು ನಿಂತು ನಿಂತು ಹತ್ತಿದರು. ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮನ ಬೆರಳು ಹಿಡಿದು ಆ ನಾಲ್ಕು ಹೊಲಿಗೆಯ ಮೇಲೆ ಒಂದೊಂದಾಗಿ ಆಡಿಸಿದರು. "ನೋಡಿ ಬೆಹೆನ್‌ಜೀ. ಒಡೆದಿದ್ದನ್ನ ಮೇಮ್‌ಸಾಬ್ ಕೊಟ್ರು. ನಿಮ್ಮಮ್ಮ ಟಾಂಕಾ ಹಾಕ್ಸಿ ಇಟ್ಕೊಂಡ್ರು. ಕದ್ದಿಲ್ಲ. ಐವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದ್ದೀನಿ, ನನ್ನ ಮಾತು ನಂಬಿ."

"ಖಂಡಿತಾನಾ ಸಾಬ್ರೇ?"

"ಖಂಡಿತ."

ಅಮ್ಮ ಬಹಳ ಹೊತ್ತು ಹೊಲಿಗೆ ಸವರುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, ತಿಂಗಳಿಂದ ಕೇಳದಿದ್ದ ಗಡಸು ದನಿಯಲ್ಲಿ, "ಮೊದ್ಲು ನಿಮ್ಮತ್ತೆಗೆ ಫೋನ್ ಹಾಕು," ಎಂದಳು.

ಅವರನ್ನು ಆಟೋ ಹತ್ತಿಸಲು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಮೆಲ್ಲಗೆ ಕೇಳಿದೆ, "ಚಾಚಾ, ಎಲ್ಲಿ ಒಡೀತು ಅಂತ ಸಾಮಾನು ಹೇಳಲ್ಲ ಅಂದ್ರಲ್ಲ?"

ಕಂಬಿ ಹಿಡಿದು ಉಸಿರು ತೆಗೆದುಕೊಂಡರು. "ಹೌದು, ಸಾಮಾನು ಹೇಳಿಲ್ಲ. ನಾನು ಹೇಳ್ದೆ," ಎಂದರು.

ಅಮ್ಮ ಮೂರು ವಾರಕ್ಕೆ ಹೋದಳು, ನೆಮ್ಮದಿಯಾಗಿ ಹೋದಳು. ಚಾಚಾ ತೀರಿಕೊಂಡದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ನಾನು ಅವರ ಮನೆಗೆ ಹೋಗಿದ್ದಾಗ ಮಗ, "ನಮ್ಮ ಅಬ್ಬಾ ಒಂದು ಸುಳ್ಳು ಹೇಳಿದೋರಲ್ಲ ಮೇಡಂ, ಅದಕ್ಕೇ ವ್ಯಾಪಾರ ಆಗ್ಲಿಲ್ಲ," ಎಂದು ಕಣ್ಣೀರು ಹಾಕಿದರು. ಆ ಋಣವನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಹೂಜಿ ಈಗ ನಮ್ಮ ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಇದೆ. ಮೊನ್ನೆ ಅತ್ತೆ ಬಂದಿದ್ದಳು. ಕಣ್ಣು ಮಂಜಾಗಿದೆ, ನಾಲಿಗೆ ಮಂಜಾಗಿಲ್ಲ. "ಇದು ಅದೇ ಅಲ್ವೇನೇ?" ಎಂದಳು.

"ಅದೇ ಅತ್ತೆ. ಒಡೆದಿದ್ದನ್ನ ಮೇಮ್‌ಸಾಬ್ ಕೊಟ್ರು, ಅಜ್ಜಿ ಹೊಲಿಸಿ ಇಟ್ಕೊಂಡ್ಳು," ಎಂದೆ. "ಖಂಡಿತ."